ಮುಚ್ಚದ ಬಟ್ಟಲು

ಹೋಸಿಯಾ ಬಟ್ಟಲಿನ ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಲುಕಿಯಾ ಅವನ ಮಣಿಕಟ್ಟಿನ ಮೇಲೆ ರಪ್ಪನೆ ಒಂದು ಕೊಟ್ಟಳು.

"ತೆರೆದಿರಲಿ ಬಿಡೋ. ಇನ್ನೂ ಊಟಕ್ಕೆ ಬರೋರಿದ್ದಾರೆ."

"ಎಲ್ರದ್ದೂ ಆಯ್ತಲ್ಲಕ್ಕ. ನಿನ್ನ ಹತ್ರ ಒಂದು ಮಾತಾಡ್ಬೇಕು."

"ಮಾತಾಡು. ಜಗಳ ಮಾತ್ರ ಬೇಡ. ಬಟ್ಟಲು ತೆರೆದಿದೆ."

ಅಣ್ಣ ಎನೋಕಾನನ್ನು ಚರ್ಚಿನ ಹಿಂದೆ, ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿ ಬಂದಿದ್ದರು. ಅಂಗಳದ ಉದ್ದ ಮೇಜಿನ ನಡುವೆ ಮರದ ದೊಡ್ಡ ಬಟ್ಟಲು. ಅದರ ತುಂಬ ಅವನೇ ಬೆಳೆದ ಕೆಸುವಿನ ಗೆಡ್ಡೆ ಬೇಯಿಸಿ ಕುಟ್ಟಿ ಮಾಡಿದ ಅಂಟು ಅಂಬಲಿ, ಪೋಯ್. ಕೆಸು ಮನುಷ್ಯರಿಗೆಲ್ಲ ಹಿರಿಯಣ್ಣ ಅನ್ನುವುದು ಅಲ್ಲಿಯವರ ಹಳೆಯ ನಂಬಿಕೆ. ಪೋಯ್ ಬಟ್ಟಲು ತೆರೆದಿರುವಷ್ಟು ಹೊತ್ತು ಆ ಹಿರಿಯಣ್ಣ ಕೂತು ಕೇಳುತ್ತಿರುತ್ತಾನೆ, ಅವನೆದುರು ದನಿ ಏರಿಸಬಾರದು. ಆ ಕಣಿವೆಯಲ್ಲಿ ಕುಡುಕರೂ ಮೀರದ ಮಾತು ಅದು.

ತಮ್ಮ ಏನು ಹೇಳುತ್ತಾನೆಂದು ಲುಕಿಯಾಗೆ ಗೊತ್ತಿತ್ತು. ಹೊನೊಲುಲುವಿನಿಂದ ಹೊರಡುವಾಗಲೇ ಫೋನಿನಲ್ಲಿ ಹೇಳಿದ್ದ. ಹೊಳೆದಂಡೆಯ ಅಣ್ಣನ ಗದ್ದೆ ಈಗ ಅವರಿಬ್ಬರದು. ಅಲ್ಲಿ ರೆಸಾರ್ಟ್ ಕಟ್ಟುವವರಿಗೆ ಇವತ್ತು ಸಂಜೆಯೊಳಗೆ ಇಬ್ಬರೂ ಹೂಂ ಅನ್ನಬೇಕು. ಇಲ್ಲದಿದ್ದರೆ ಅವರು ಬೇರೆ ಕಣಿವೆ ನೋಡಿಕೊಳ್ಳುತ್ತಾರೆ. ಉಹೂಂ ಅಂದರೆ ತಮ್ಮ ಕೂಗಾಡಿ ಹೋಗುತ್ತಾನೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಒಂದೇ ದಿನ ಇಬ್ಬರನ್ನೂ ಮಣ್ಣು ಮಾಡುವ ಶಕ್ತಿ ಅವಳಿಗಿರಲಿಲ್ಲ.

ಹೊಳೆಯಾಚೆಯ ಮುದುಕಿ ಮಿತ್ಸುಯೊ ಎರಡು ಬೆರಳಲ್ಲಿ ಪೋಯ್ ನೆಕ್ಕುತ್ತ, "ಏನು ಜನ, ಏನು ಹೂಹಾರ! ಇವರಲ್ಲಿ ಹತ್ತು ಜನ ಶನಿವಾರ ಗದ್ದೆಗೆ ಬಂದಿದ್ರೂ ಎನೋಕಾನ ಸೊಂಟ ಉಳೀತಿತ್ತು" ಅಂದಳು.

"ನೀನು ಬಂದ್ಯಾ?" ಲುಕಿಯಾ ಕೇಳಿದಳು.

"ನಾನೆಲ್ಲಿ ಬರ್ಲಿ! ನಾನು ಆ ಕೆಸರಿಗಿಳಿದ್ರೆ ಎತ್ತೋಕೆ ಕ್ರೇನ್ ತರಿಸ್ಬೇಕಾಗ್ತಿತ್ತು."

\*

ಬಂದರಿನ ಕೆಲಸ ಬಿಟ್ಟು ಬಂದ ವರ್ಷ ಎನೋಕಾ ಪಾಳುಬಿದ್ದ ಗದ್ದೆಯ ಜೊಂಡು ಕಡಿದ, ಹೂಳು ತುಂಬಿದ ಕಾಲುವೆಗೆ ಹೊಳೆಯ ನೀರು ತಿರುಗಿಸಿದ. ಬೇಲಿ ಮಾತ್ರ ಹಾಕಲಿಲ್ಲ.

"ಶನಿವಾರ ಬನ್ನಿ. ಹೂಳೆತ್ತಿ, ಕೆಸು ಕಿತ್ಕೊಂಡು ಹೋಗಿ. ಕಿತ್ತ ಜಾಗದಲ್ಲಿ ಅದರ ದಂಟು ನೆಟ್ಟು ಹೋಗಿ." ಅಷ್ಟೇ ಕರಾರು.

ಮೊದಲ ಶನಿವಾರ ಗಿಟಾರ್ ಸಮೇತ ಊರೇ ಬಂತು. ಆಮೇಲೆ ಅರ್ಧ ಊರು. ಆಮೇಲೆ ಮಳೆ, ಫುಟ್‌ಬಾಲ್, ಮಗುವಿಗೆ ಜ್ವರ.

ಈಚೆಗೊಂದು ಶನಿವಾರ ಲುಕಿಯಾ ಒಣಮೀನು ಕೊಡಲು ಹೋದಾಗ, ಅವನು ಬಟ್ಟಲು ತೆರೆದಿಟ್ಟು, ದಾರಿಗೆ ಮುಖ ಮಾಡಿ, ನೊಣ ಓಡಿಸುತ್ತ ಕೂತಿದ್ದ.

"ನೀನು ತಿಂದು ಮುಚ್ಚಿಡಣ್ಣ. ಯಾರೂ ಬರಲ್ಲ."

"ಮುಚ್ಚಿದ್ರೆ, ಬಂದೋರು ಊಟ ಮುಗೀತು ಅಂದ್ಕೊಂಡು ಹೋಗ್ಬಿಡ್ತಾರೆ ಕಣೆ."

ಪೋಯ್ ಒಣಗದಿರಲೆಂದು ಒದ್ದೆ ಕೈಯಲ್ಲಿ ಬಟ್ಟಲಿನ ಒಳ ಅಂಚು ಸವರಿದ.

\*

ಜನ ಕರಗಿದರು. ಮಿತ್ಸುಯೊ ಕೂಡ ಕೋಲೂರಿಕೊಂಡು ಹೊರಟಳು.

"ಅಕ್ಕ, ನಿನಗೂ ವಯಸ್ಸಾಯ್ತು. ಆ ಕೆಸರಿಗೆ ಇನ್ಯಾರು ಇಳೀತಾರೆ?" ಹೋಸಿಯಾನ ಕುತ್ತಿಗೆಯ ನರ ಉಬ್ಬಿತ್ತು, ದನಿ ಮಾತ್ರ ಏರಲಿಲ್ಲ.

"ತಿನ್ನು. ಇನ್ನೂ ಹುಳಿ ಬಂದಿಲ್ಲ. ನಿನಗೆ ಸಿಹಿಯಿದ್ರೇನೇ ಸೇರೋದು."

"ಅವರು ಸಂಜೆ ತನಕ ಮಾತ್ರ..."

"ತಿನ್ನೋ."

ತಿಂದ. ಬೆರಳು ನೆಕ್ಕಿಕೊಂಡ. "ಅದನ್ನ ಮುಚ್ಚಕ್ಕ" ಅಂದ, ಬೇಡಿಕೊಳ್ಳುವವನಂತೆ.

"ಬರೋರಿದ್ದಾರೆ."

"ಯಾರು?"

ಅವಳು ನೊಣ ಓಡಿಸಿದಳು. ಹೊತ್ತು ಮುಳುಗಿತು. ದಾರಿಯಲ್ಲಿ ಅವನನ್ನು ವಿಮಾನ ನಿಲ್ದಾಣಕ್ಕೆ ಒಯ್ಯುವ ಕಾರು ಹಾರನ್ ಹೊಡೆಯಿತು. ಹೋಸಿಯಾ ಎದ್ದು, ಅಲ್ಲಿಯ ರೂಢಿಯಂತೆ ಅಕ್ಕನ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ಉಸಿರೆಳೆದುಕೊಂಡ.

"ಘಾಟಿ ಮುದುಕಿ ನೀನು," ಎಂದ ಮೆಲ್ಲಗೆ.

"ಹೂಂ. ಶನಿವಾರ ಬಾ."

ಅವನು ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಕಾರು ತಿರುವಿನಲ್ಲಿ ಮರೆಯಾಯಿತು.

ಮಡಚಿಡದ ಕುರ್ಚಿಗಳು ಅಂಗಳದ ತುಂಬ ಹಾಗೇ ನಿಂತಿದ್ದವು. ಲುಕಿಯಾ ಎನೋಕಾನ ಬೆಂಚನ್ನು ದಾರಿಯ ಕಡೆಗೆ ತಿರುಗಿಸಿ, ಬಟ್ಟಲನ್ನು ಮಡಿಲಿಗೆ ಎಳೆದುಕೊಂಡು ಕೂತಳು. ಮೇಜಿನ ಮೇಲೆ ಅಂಗಾತ ಬಿದ್ದ ಮುಚ್ಚಳದಲ್ಲಿ ಯಾರದೋ ಹಾರದಿಂದ ಉದುರಿದ ಎಸಳುಗಳಿದ್ದವು. ಅವಳು ನೀರಿನಲ್ಲಿ ಕೈ ಅದ್ದಿ, ಬಟ್ಟಲಿನ ಒಳ ಅಂಚನ್ನು ಸುತ್ತಲೂ ಸವರಿದಳು.