ಎಲ್ಲವೂ ಎಡತೋಳು

"ಕುಕ್ಕರ್ ಕೂಡ ಮೂರು ಸಲ ಬಾಯಿಬಿಡುತ್ತೆ ಕಣೇ, ನೀನು ಒಂದು ಸಲನಾದ್ರೂ ಬಿಡು!" ಅತ್ತೆ ಸೌಟು ಹಿಡಿದು ನಿಂತಿದ್ದರು.

ಸೊಸೆ ಕುಕ್ಕರಿನ ಕಡೆ ತಿರುಗಿ, "ಮಾನ್ಯ ಮಾಲೀಕರೇ," ಎಂದಳು. ಕುಕ್ಕರ್ ಸೀಟಿ ಹೊಡೆಯಿತು. ಬಾಯಿಪಾಠ ಮಾಡಿದ್ದ ಭಾಷಣದ ಮುಂದಿನದೆಲ್ಲ ಮರೆತುಹೋಯಿತು.

ಹೊಲಿಗೆ ಕಾರ್ಖಾನೆಯಲ್ಲಿ ಅವಳು ಸದ್ಯಕ್ಕೆ ಸೂಪರ್‌ವೈಸರ್. ಆ ಕುರ್ಚಿ ಅವಳಿಗೇ ಉಳಿಯಬೇಕೋ, ಇಸ್ತ್ರಿ ವಿಭಾಗದ ಮೈಕಾಸುರನಿಗೆ ಹೋಗಬೇಕೋ ಎಂದು ಮಾಲೀಕರು ಇವತ್ತು ಬೆಳಗಿನ ಸಭೆಯಲ್ಲಿ ತೀರ್ಮಾನಿಸುವವರಿದ್ದರು. ಮೈಕಾಸುರ ಕೆಮ್ಮಿದರೆ ಗೇಟಿನ ನಾಯಿ ಎದ್ದು ಕೂರುತ್ತಿತ್ತು. ಅವಳಿಗೋ ಎಲ್ಲರೂ ಇಟ್ಟ ಹೆಸರು ಮೌನಗೌರಿ. ಕುರ್ಚಿ ಬೇಕೆಂದು ಅವಳು ಯಾರಲ್ಲೂ ಹೇಳಿರಲಿಲ್ಲ. ಆದರೆ ಒಮ್ಮೆ ದಿಂಬಿಗೆ ಮುಖವಿಟ್ಟು "ನನಗೇ ಬೇಕು" ಎಂದು ಪಿಸುಗುಟ್ಟಿ, ತನ್ನ ದನಿಗೆ ತಾನೇ ಬೆಚ್ಚಿ, ಗಂಡ ಕೇಳಿಸಿಕೊಂಡನೇನೋ ಎಂದು ತಿರುಗಿ ನೋಡಿದ್ದಳು.

ಸಭೆಯಲ್ಲಿ ಎದ್ದು ನಿಂತಾಗ ಭಾಷಣ ಹಬೆಯಾಗಿ ಹಾರಿಹೋಗಿತ್ತು. ಕೆಲಸದವರನ್ನು ಅವಳು ದಿನವೂ ಕೇಳುವ ಒಂದೇ ಮಾತು ಅಭ್ಯಾಸಬಲದಿಂದ ಹೊರಬಂತು. "ಹೇಳೋದು ಏನಾದ್ರೂ ಇದ್ಯಾ?"

ಆಮೇಲೆ, ದಿನದಂತೆಯೇ, ಸುಮ್ಮನೆ ಕಾದಳು. ಫ್ಯಾನು ಕಿರ್ರೆಂದಿತು. ಮಾಲೀಕರು ಗಡಿಯಾರ ನೋಡಿದರು. ಬಟ್ಟೆ ಕತ್ತರಿಸುವ ಹಿರಿಯ, ಎಲ್ಲರ ಕತ್ತರಿ ಮಾವ, ಕೂತಲ್ಲೇ ಮಿಸುಕಾಡತೊಡಗಿದ.

"ಬೈದ್ರೆ ನಾನೂ ತಿರುಗಿ ಬೈದು ಮುಗಿಸ್ತಿದ್ದೆ ಕಣಮ್ಮ. ಹೀಗೆ ಸುಮ್ನೆ ನೋಡ್ತಾ ನಿಂತ್ರೆ ಹೆಂಗೆ ತಡ್ಕೊಳ್ಳೋದು? ಆ ಬ್ಯಾಂಡಿನವರ ಕೋಟು... ನಿನ್ನೆ ಬಟ್ಟೇನ ಮುಖಕ್ಕೆ ಮುಖ ಸೇರಿಸಿ ಹಾಸೋದು ಬಿಟ್ಟು, ಎಲ್ಲಾ ಒಂದೇ ಮಗ್ಗುಲಿಗೆ ಹಾಸ್ಬಿಟ್ಟೆ. ಕತ್ತರಿಸಿದ್ದೆಲ್ಲ ಎಡತೋಳು!"

"ಅಯ್ಯೋ, ಎರಡೂ ಎಡಗೈ ಇರೋ ಬ್ಯಾಂಡಾ?" ಗುಂಡಿ ಹೊಲಿಯುವ ಗುಂಡಿಯಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

"ಯಾರ್ರೀ ಇದಕ್ಕೆ ಹೊಣೆ?" ಮೈಕಾಸುರ ಗುಡುಗಿದ. ಮಾವನ ಬಾಯಿ ಡಬ್ಬಿಯಂತೆ ಮುಚ್ಚಿಕೊಂಡಿತು.

ಅವಳು ಮೈಕಾಸುರನ ಕಡೆ ಒಂದು ಬೆರಳೆತ್ತಿದಳು, ಅಷ್ಟೇ. "ಮಾವ, ಬಟ್ಟೆ ಎಷ್ಟು ಉಳಿದಿದೆ?"

"ಅರ್ಧ. ಇವತ್ತು ಕತ್ತರಿಸ್ಬೇಕು."

ಮತ್ತೆ ಕಾದಳು. ಈ ಸಲ ಗುಂಡಿಯಕ್ಕನ ಹುಬ್ಬು ಮೇಲೇರಿತು. "ಹಂಗಾದ್ರೆ ಇವತ್ತೂ ಬಟ್ಟೇನ ಹಂಗೇ ಹಾಸಿ, ತೋಳಿನ ನಮೂನೆ ಮಗುಚಿ ಹಾಕಿ! ಉಳಿದದ್ದೆಲ್ಲ ಬಲತೋಳಾಗುತ್ತೆ, ಜೋಡಿ ಸರಿಹೋಗುತ್ತೆ!"

ಮಾವ ಕುಣಿದೇಬಿಟ್ಟ. ಸಭೆಗೆ ಸಭೆಯೇ ಗೊಳ್ಳೆಂದಿತು. ಕಟ್ಟೆಯೊಡೆದಂತೆ ಒಬ್ಬೊಬ್ಬರೂ ಬಾಯಿಬಿಟ್ಟರು. ಸೂಜಿ ಮುರಿಯುವ ಮೆಷಿನ್ನು, ಸೋರುವ ಎಣ್ಣೆ, ತಾನೇ ಸುಟ್ಟು ಮಡಚಿಟ್ಟ ಕಾಲರು (ಇದು ಮೈಕಾಸುರ, ಇರುವೆಯ ದನಿಯಲ್ಲಿ). ಕೊನೆಗೆ ಮಾಲೀಕರೂ ಕುತ್ತಿಗೆ ಕೆರೆದುಕೊಂಡರು.

"ನಂದೂ ಒಂದಿದೆ. ಬ್ಯಾಂಡಿನವರಿಗೆ ಒಂದು ದಿನ ಮುಂಚೆನೇ ಕೊಡ್ತೀನಿ ಅಂದ್ಬಿಟ್ಟಿದೀನಿ. ಹೇಳೋಕೆ ಹೆದರಿಕೆ ಆಗಿತ್ತು."

"ಸಾರ್ರ್!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ನಗು ಇಳಿದ ಮೇಲೆ ಮಾಲೀಕರು ಅವಳ ಕಡೆ ತಿರುಗಿದರು. "ಆ ಕುರ್ಚಿ ವಿಷಯ. ನಿಮಗೇನಾದ್ರೂ ಹೇಳೋದಿದ್ಯಾಮ್ಮ?"

ಕೇಳಿ, ಕೈಕಟ್ಟಿ, ಸುಮ್ಮನೆ ಕಾದರು. ಎಲ್ಲರೂ ಕಾದರು. ಫ್ಯಾನು ಕಿರ್ರೆಂದಿತು. ತನ್ನ ಮದ್ದು ಇಷ್ಟು ಖಾರವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕೊನೆಗೆ ಕುಕ್ಕರಿನಂತೆ ಅವಳೂ ಬಾಯಿಬಿಟ್ಟಳು.

"ನನಗೇ ಬೇಕು!"

ಗೇಟಿನ ನಾಯಿ ಎದ್ದು ಕೂತಿತು.

"ತಗೊಳ್ಳಿ," ಎಂದು ಮಾಲೀಕರು ನಕ್ಕು, ತಾವು ಕೂತಿದ್ದ ಕುರ್ಚಿಯನ್ನೇ ಅವಳ ಕಡೆ ತಳ್ಳಿದರು.