ಭುಜದ ಮೇಲಿನ ನೀಲಿ

"ಈ ಬಾಗಿಲು ಇಷ್ಟು ಗಿಡ್ಡ ಇತ್ತೇನೇ?" ಎನ್ನುತ್ತ ಎರ್ಸಿಲಿಯಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಂದು ಕೈ ಕೋಲಿನ ಮೇಲೆ, ಇನ್ನೊಂದು ತಂಗಿಯ ತೋಳಿನ ಮೇಲೆ.

"ಬಾಗಿಲು ಇದ್ದ ಹಾಗೇ ಇದೆ. ನೀನೇ ನೆನಪಲ್ಲಿ ಎತ್ತರ ಮಾಡ್ಕೊಂಡಿದೀಯ. ತಲೆ ಬಗ್ಗಿಸು," ಎಂದಳು ಡೀನಾ.

"ಬಗ್ಗಿಸೋದೇನು ಬಂತು, ಅದಾಗ್ಲೇ ಬಗ್ಗಿದೆ."

ಐವತ್ತೆಂಟು ವರ್ಷ ಎರ್ಸಿಲಿಯಾ ಮಠದ ಈ ಬೀದಿಗೆ ಕಾಲಿಟ್ಟಿರಲಿಲ್ಲ. ಸಂತೆಗೆ ಹೋಗುವಾಗಲೂ ಹಳೇ ಬಾವಿಯ ಕಡೆಯಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಮಠದ ಸನ್ಯಾಸಿನಿಯರು ಒಬ್ಬೊಬ್ಬರಾಗಿ ತೀರಿಕೊಂಡರು, ಮಠ ಮುಚ್ಚಿತು, ಊರಿನವರು ಅದನ್ನು ಮ್ಯೂಸಿಯಂ ಮಾಡಿದರು. ಆಗಲೂ ಬರಲಿಲ್ಲ. ಬರುವ ಸೋಮವಾರ ಪೆರೂಜಾ ಪಟ್ಟಣದ ಆಸ್ಪತ್ರೆಯಲ್ಲಿ ಅವಳ ಹೃದಯದ ಆಪರೇಷನ್. ಎಪ್ಪತ್ತೇಳರ ಹೃದಯಕ್ಕೆ ಡಾಕ್ಟರು ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ನಿನ್ನೆ ಊಟದ ನಡುವೆ ಇದ್ದಕ್ಕಿದ್ದಂತೆ, "ಹೋಗೋಕ್ ಮುಂಚೆ ನಾನು ಹಾಳು ಮಾಡಿದ್ದನ್ನ ಒಂದ್ಸಲ ನೋಡ್ಬೇಕು ಕಣೇ," ಅಂದಿದ್ದಳು. ಡೀನಾ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಿದ್ದಳು.

ಹಾಳು ಮಾಡಿದ್ದು ಎರ್ಸಿಲಿಯಾ ಅಲ್ಲ, ಡೀನಾ. ಅದು ಗೊತ್ತಿದ್ದದ್ದು ಡೀನಾಳಿಗೆ ಮಾತ್ರ.

ಒಳಗೆ, ಕಾವಲಿಗೆ ಕೂತಿದ್ದ ಹೆಂಗಸು ಹೆಣಿಗೆಯ ಕಡ್ಡಿ ಪಕ್ಕಕ್ಕಿಟ್ಟು ಎದ್ದಳು. ಎರ್ಸಿಲಿಯಾ ಅವಳ ಮುಖವನ್ನೇ ದಿಟ್ಟಿಸಿದಳು.

"ನೀನು ಮಾಂಸದಂಗಡಿ ಓರ್ಲಾಂಡೊನ ಕಡೆಯವಳಲ್ವಾ?"

"ಮೊಮ್ಮಗಳು. ಫಿಯೊರೆಂಜಾ."

"ಮೂಗು ನೋಡಿದ್ರೇ ಗೊತ್ತಾಗುತ್ತೆ. ನಿಮ್ಮಜ್ಜ ತೂಕದಲ್ಲಿ ಮೋಸ ಮಾಡ್ತಿದ್ದ."

"ಈಗ ನಮ್ಮಪ್ಪ ಮಾಡ್ತಾನೆ. ಬನ್ನಿ ಎರ್ಸಿಲಿಯಮ್ಮ, ಮೆಟ್ಟಿಲು ನೋಡ್ಕೊಂಡು."

ಸನ್ಯಾಸಿನಿಯರು ಊಟಕ್ಕೆ ಕೂರುತ್ತಿದ್ದ ಉದ್ದನೆಯ ಕೋಣೆ ಅದು. ಊಟದ ಮೇಜುಗಳು ಹೋಗಿ ಒಂದು ಬೆಂಚು ಉಳಿದಿತ್ತು. ಎದುರಿನ ಗೋಡೆಯ ತುಂಬ ಹಳೇ ಚಿತ್ರ: ದೇವದೂತ ಮತ್ತು ಏಸುವಿನ ತಾಯಿ ಮರಿಯಮ್ಮ. ದೂತನ ಕೆಂಪು ಅಂಗಿ ನಿನ್ನೆ ಬಳಿದಂತಿತ್ತು. ಮರಿಯಮ್ಮನ ಹೊದಿಕೆ ಭುಜದ ಬಳಿ ಮಾತ್ರ ನೀಲಿ. ಅಲ್ಲಿಂದ ಕೆಳಗೆ ಬೂದಿಬಣ್ಣದ ಗಾರೆ.

ಎರ್ಸಿಲಿಯಾ ಬೆಂಚಿನ ಮೇಲೆ ಕೂತಳು.

"ಮಿಕ್ಕ ಬಣ್ಣ ಎಲ್ಲ ಹಸಿ ಗಾರೆ ಮೇಲೆ ಹಚ್ಚಿದ್ದು," ಎಂದು ಫಿಯೊರೆಂಜಾ ಶುರು ಮಾಡಿದಳು. "ಗಾರೆ ಜೊತೆ ಅವೂ ಕಲ್ಲಾಗ್ಬಿಟ್ವು. ನೀಲಿ ಮಾತ್ರ ಗೋಡೆ ಒಣಗಿದ ಮೇಲೆ ಅಂಟಲ್ಲಿ ಕಲಸಿ ಹಚ್ತಿದ್ರು. ಅದಕ್ಕೆ ನೀರು ಸೋಕಬಾರದು. ನೋಡಿ, ನೆಲದ ತೇವ ಗೋಡೆ ಹತ್ತಿ ಹೊದಿಕೆನೆಲ್ಲ ತಿಂದುಹಾಕಿದೆ. ಬೋರ್ಡಲ್ಲೂ ಬರೆದಿದ್ದಾರೆ, ತಿಳಿದವರು."

"ತೇವಾನಾ?" ಎರ್ಸಿಲಿಯಾ ಕತ್ತೆತ್ತಿದಳು. "ಬ್ರೆಡ್ಡಿಂದ ಅಲ್ವಾ?"

"ಬ್ರೆಡ್ಡಿಂದ ಏನಾಗುತ್ತಮ್ಮ? ಸಿಸ್ಟರ್‌ಗಳು ಅದ್ರಲ್ಲೇ ಅಲ್ವಾ ಗೋಡೆ ಉಜ್ತಿದ್ದಿದ್ದು."

ಹೊರಗೆ ಯಾರೋ ಬಂದ ಸದ್ದಾಯಿತು. ಫಿಯೊರೆಂಜಾ ಅತ್ತ ಹೋದಳು.

ಐವತ್ತೆಂಟು ವರ್ಷದ ಹಿಂದೆ, ಅವತ್ತು ದೇವದೂತ ಮರಿಯಮ್ಮನಿಗೆ ಸುದ್ದಿ ತಂದ ಹಬ್ಬದ ಹಿಂದಿನ ದಿನದ ಮಧ್ಯಾಹ್ನ. ಎರ್ಸಿಲಿಯಾಗೆ ಹತ್ತೊಂಬತ್ತು; ಮಠ ಸೇರಿ ವರ್ಷವಾಗಿತ್ತು, ವ್ರತ ಸ್ವೀಕರಿಸಲು ಎರಡು ತಿಂಗಳು ಉಳಿದಿತ್ತು. ಹಬ್ಬಕ್ಕೆ ಚಿತ್ರ ಶುಚಿ ಮಾಡುವ ಪಾಳಿ ಅವಳದು. ಹಿಂದಿನ ದಿನದ ಉಪ್ಪಿಲ್ಲದ ಬ್ರೆಡ್ಡಿನ ತಿರುಳನ್ನು ಉಂಡೆ ಮಾಡಿ ಗೋಡೆಯ ಮೇಲೆ ಉಜ್ಜಬೇಕು. ಅವಳು ಬ್ರೆಡ್ಡು ತರಲು ಅಡುಗೆಮನೆಗೆ ಹೋದಳು. ಅಕ್ಕನನ್ನು ನೋಡಲು ಬಂದಿದ್ದ ಹನ್ನೊಂದರ ಡೀನಾಳಿಗೆ, ಅವಳು ಬರುವಷ್ಟರಲ್ಲಿ ಮುಗಿಸಿಟ್ಟು ಶಭಾಷ್ ಅನಿಸಿಕೊಳ್ಳುವ ಆಸೆ. ನೆಲ ಒರೆಸುವ ಬಕೆಟ್ಟಿನಿಂದ ಬಟ್ಟೆ ತೆಗೆದು ಮರಿಯಮ್ಮನ ಹೊದಿಕೆ ಒರೆಸಿದಳು. ಬಟ್ಟೆ ನೀಲಿಯಾಯಿತು. ಹೆದರಿ ಅದನ್ನು ಹಿಂಡಿದಳು, ಬಕೆಟ್ಟಿನ ನೀರೂ ನೀಲಿಯಾಯಿತು. ನೀರನ್ನು ಅಂಗಳದ ನಿಂಬೆಗಿಡದ ಕುಂಡಕ್ಕೆ ಸುರಿದು ಮನೆಗೆ ಓಡಿಹೋದಳು.

ಮೋಡದ ದಿನ. ಬ್ರೆಡ್ಡು ತಂದು ಉಜ್ಜಲು ನಿಂತ ಎರ್ಸಿಲಿಯಾಳಿಗೆ ಒದ್ದೆ ಗೋಡೆ ಮಬ್ಬಿನಲ್ಲಿ ಬರೀ ಕಪ್ಪಗೆ ಕಂಡಿರಬೇಕು. ಮಠದ ಹಿರಿಯ ತಾಯಿ ಒಳಗೆ ಬಂದಾಗ ಅವಳ ಕೈಯಲ್ಲಿ ಒದ್ದೆ ತಾಗಿ ನೀಲಿಯಾದ ಬ್ರೆಡ್ಡಿತ್ತು. ಮಾರನೇ ದಿನ ಅವಳ ಪೆಟ್ಟಿಗೆ ಮಠದ ಬಾಗಿಲ ಹೊರಗಿತ್ತು.

ಡೀನಾ ಈಗ ಬೋರ್ಡನ್ನು ಎರಡು ಸಲ ಓದಿದಳು. ನೆಲದ ತೇವ. ಇನ್ನು ಹೇಳುವ ಅಗತ್ಯವೇ ಇಲ್ಲ. ತಿಳಿದವರು ಬರೆದದ್ದು ಸುಳ್ಳಾಗುತ್ತದೆಯೇ? ಅಕ್ಕನೂ ಹಗುರಾಗಿ ಆಸ್ಪತ್ರೆಗೆ ಹೋಗುತ್ತಾಳೆ. ಡೀನಾ ಬಂದು ಬೆಂಚಿನ ತುದಿಯಲ್ಲಿ ಕೂತಳು.

ಎರ್ಸಿಲಿಯಾ ಅಳುತ್ತಿದ್ದಳು. ಸದ್ದಿಲ್ಲ, ಮೂಗು ಮಾತ್ರ ಸೋರುತ್ತಿತ್ತು.

"ಅಂದ್ರೆ ನನ್ನನ್ನ ಸುಮ್‌ಸುಮ್ನೆ ಓಡಿಸಿದ್ರು," ಎಂದಳು. "ತಪ್ಪು ಮಾಡಿದೀನಿ, ತೀರಿಸ್ಬೇಕು ಅಂತ ನಲವತ್ತು ವರ್ಷ ಆ ಹೋಟ್ಲಿನ ಹಾಸಿಗೆ ಬಟ್ಟೆ ಒಗೆದೆ. ಕೈ ಬಿರಿದಾಗೆಲ್ಲ ಸ್ವಲ್ಪ ತೀರ್ತು ಅನ್ಕೋತಿದ್ದೆ. ತೀರ್ಸೋಕೆ ಏನೂ ಇರ್ಲೇ ಇಲ್ವಲ್ಲೇ. ಹಾಗಾದ್ರೆ ಅದೆಲ್ಲ ಯಾಕೆ?"

ಡೀನಾ ಕೈಚೀಲದ ಹಿಡಿಯನ್ನು ತಿರುಚಿದಳು. ಬಿಟ್ಟಳು.

"ಅಕ್ಕ, ತೇವ ಅಲ್ಲ. ನಾನು."

ಎಲ್ಲ ಹೇಳಿದಳು. ಬಕೆಟ್ಟು, ಬಟ್ಟೆ, ನಿಂಬೆಯ ಕುಂಡ. ಎರ್ಸಿಲಿಯಾ ಕೊನೆಯವರೆಗೂ ಕೇಳಿದಳು. ಆಮೇಲೆ ನಕ್ಕುಬಿಟ್ಟಳು.

"ಚಿಕ್ಕಂದಿಂದ್ಲೂ ಇದೇ ಬುದ್ಧಿ ನಿಂದು. ಅಕ್ಕನ ಬೂಟು ಬೇಕು, ಅಕ್ಕನ ಬಾಚಣಿಗೆ ಬೇಕು. ಈಗ ಅಕ್ಕನ ಪಾಪಾನೂ ಬೇಕಾ? ಸೋಮವಾರ ಸಾಯ್ತಾಳೆ ಅಂತ ಸಮಾಧಾನ ಮಾಡ್ತಿದೀಯ, ಗೊತ್ತಾಗುತ್ತೆ ಬಿಡೇ."

"ನಿನ್ನಾಣೆ."

"ನನ್ನ ಮೇಲೆ ಆಣೆ ಹಾಕ್ಬೇಡ, ನಾನೇ ಸೋಮವಾರದ ತನಕ ಇರೋದು."

ಡೀನಾ ಎದ್ದು ಗೋಡೆಯ ಮುಂದೆ ನಿಂತಳು. ನೀಲಿ ಮುಗಿದು ಬೂದಿ ಶುರುವಾಗುವ ಅಂಚು ನೆಟ್ಟಗಿರಲಿಲ್ಲ. ಎಡದಿಂದ ಏರಿ, ನಡುವೆ ಬಾಗಿ, ಬಲಕ್ಕೆ ಇಳಿದಿತ್ತು. ಅವಳು ಮೊಣಕಾಲು ಮಡಿಸಿ, ಹನ್ನೊಂದು ವರ್ಷದ ಹುಡುಗಿಯಷ್ಟು ಕುಗ್ಗಿ, ಕೈಯೆತ್ತಿ ಗಾಳಿಯಲ್ಲಿ ಒಂದು ಸಲ ಒರೆಸಿದಳು. ಬೆರಳ ತುದಿ ಆ ಅಂಚಿನ ಉದ್ದಕ್ಕೂ ಹಾದುಹೋಯಿತು.

"ತೇವಕ್ಕೆ ತೋಳಿರುತ್ತೇನಕ್ಕ?"

ಎರ್ಸಿಲಿಯಾಳ ನಗು ನಿಂತಿತು. ಅಂಚನ್ನು ನೋಡಿದಳು, ಮತ್ತೆ ಭುಜದ ಮೇಲೆ ಉಳಿದಿದ್ದ ನೀಲಿಯನ್ನು ನೋಡಿದಳು.

"ಮೇಲಿಂದ ಶುರು ಮಾಡ್ಬೇಕು," ಎಂದಳು ಮೆಲ್ಲಗೆ. "ಹಾಗೇ ಕಲಿಸಿದ್ರು. ಕೆಳಗಿಂದ ಮಾಡಿದ್ರೆ ಉದುರಿದ ಚೂರು ಉಜ್ಜಿದ ಜಾಗಕ್ಕೇ ಬೀಳುತ್ತೆ ಅಂತ. ನಾನು ಭುಜದಿಂದ ಶುರು ಮಾಡಿದ್ದೆ. ನಾನು ಉಜ್ಜಿದ ಕಡೆ ನೀಲಿ ಹಾಗೇ ಇದೆ."

ಡೀನಾ ಅವಳನ್ನು ಎಬ್ಬಿಸಲು ತೋಳು ಚಾಚಿದಳು. ಎರ್ಸಿಲಿಯಾ ಅದನ್ನು ಹಿಡಿಯಲಿಲ್ಲ. ಬೆಂಚಿಗೆ ಕೈಯೂರಿ ತಾನೇ ಎದ್ದು, ಗೋಡೆಯ ಹತ್ತಿರ ಹೋಗಿ, ತಿರುಗಿ ನೋಡದೆ ಕೋಲನ್ನು ತಂಗಿಯತ್ತ ಚಾಚಿದಳು. ಬಾಗಿದ ಬೆನ್ನು ಆದಷ್ಟು ನೆಟ್ಟಗಾಯಿತು. ಬಲಗೈ ಬೂದಿಯನ್ನು ದಾಟಿ, ಅಂಚನ್ನು ದಾಟಿ ಮೇಲಕ್ಕೆ ಹೋಯಿತು.

"ಅಮ್ಮಾ, ಮುಟ್ಟಬಾರದು!" ಬಾಗಿಲಿನಿಂದ ಫಿಯೊರೆಂಜಾ ಕೂಗಿದಳು.

"ಮುಟ್ಟಿಲ್ಲ ಕಣಮ್ಮ," ಎಂದಳು ಎರ್ಸಿಲಿಯಾ.

ಮುಟ್ಟಿರಲಿಲ್ಲ. ನೀಲಿಗೂ ಅಂಗೈಗೂ ನಡುವೆ ಒಂದು ಗೇಣು ಬಿಟ್ಟು, ಬ್ರೆಡ್ಡಿನ ಉಂಡೆ ಹಿಡಿದಂತೆ ಬೆರಳು ಮಡಚಿ, ಅವಳ ಕೈ ಸಣ್ಣ ಸಣ್ಣ ಸುತ್ತು ತಿರುಗುತ್ತಿತ್ತು. ಹಿಂದೆ ಡೀನಾ ಕೋಲು ಹಿಡಿದುಕೊಂಡು ನಿಂತಿದ್ದಳು.