ಮೇಷ್ಟ್ರ ಮುಖ

ಚಿಂದಿ ಆಯುವವರ ಮಕ್ಕಳಿಗೆ ಚಿತ್ರ ಕಲಿಸುವ ಮೇಷ್ಟ್ರಿಗೆ ರಬ್ಬರ್ ಕಂಡರೆ ಮೈಯೆಲ್ಲ ಉರಿ. "ಗೀಚಿದ್ದು ಗೀಚಿದ್ದೇ, ಮುಂದೆ ನಡೀರಿ" ಎಂದು ಗದರಿ, ಕಸಿದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅಂದು ಇಬ್ಬಿಬ್ಬರು ಎದುರುಬದುರು ಕೂತು ಒಬ್ಬರ ಮುಖ ಇನ್ನೊಬ್ಬರು ಬರೆಯಬೇಕಿತ್ತು. ಜೊತೆ ಸಿಗದೆ ಉಳಿದ ಪುಟ್ಟಿಯ ಎದುರು ಮೇಷ್ಟ್ರೇ ಕೂತರು.

"ಅಲ್ಲಾಡ್ಬೇಡಿ ಸಾರ್!" ಎಂದು ಅವಳೇ ಗದರಿದಳು. ಹಣೆ, ಹುಬ್ಬು, ಗಲ್ಲದ ಮಚ್ಚೆ, ಒಂದನ್ನೂ ಬಿಡದೆ ನೋಡಿ ನೋಡಿ ಹಳೇ ಕ್ಯಾಲೆಂಡರಿನ ಹಿಂಬದಿಗೆ ಬರೆದಳು. ಹೆಂಡತಿ ತೀರಿಕೊಂಡ ಮೇಲೆ ಆ ಮುಖವನ್ನು ಯಾರೂ ಇಷ್ಟು ಹೊತ್ತು ನೋಡಿರಲಿಲ್ಲ.

"ಮುಗೀತು ಸಾರ್."

ಕಣ್ಣು, ಮೂಗು, ಕಿವಿ ಎಲ್ಲ ಅಚ್ಚೊತ್ತಿದಂತಿದ್ದವು. ಮೇಷ್ಟ್ರು ಜೇಬಿನಿಂದ ರಬ್ಬರ್ ತೆಗೆದುಕೊಟ್ಟರು.

"ಕಿವಿ ಸರಿಬಂದಿಲ್ಲ ಕಣಮ್ಮ. ಅಳಿಸು. ಇನ್ನೊಂದ್ಸಲ ಚೆನ್ನಾಗಿ ನೋಡು."